ಟಿಬೆಟನ್ ಮ್ಯಾಸ್ಟಿಫ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ಸಾಕಿದವರ ಮನೆಗೆ ಬಂದ ನೆಂಟರು ಕಾಫಿ ಮುಗಿಯುವ ಹೊತ್ತಿಗೆ ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಸಿಂಹದಂಥ ಕೇಸರ, ಕರಡಿಯಂಥ ಪಂಜ. 'ಇದನ್ನ ನಮ್ಮ ಮನೇಲಿ ಸಾಕಬಹುದಾ?' ಹೀಗೆ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಪರಿಚಯ

ಇದು ನಿಜವಾಗ್ಲೂ ನಾಯೀನಾ? ಸಿಂಹದ ಥರ ಇದೆಯಲ್ಲಾ!

ನಾಯಿಯೇ. ಆದರೆ ನಿಮ್ಮ ಅನುಮಾನ ನಿಮ್ಮೊಬ್ಬರದೇ ಅಲ್ಲ. 2013ರಲ್ಲಿ ಚೀನಾದ ಹೆನಾನ್ ಪ್ರಾಂತ್ಯದ ಲುವೊಹೆ ಎಂಬ ಊರಿನ ಮೃಗಾಲಯದಲ್ಲಿ 'ಆಫ್ರಿಕಾದ ಸಿಂಹ' ಎಂಬ ಬೋರ್ಡಿನ ಹಿಂದೆ ಒಂದು ಟಿಬೆಟನ್ ಮ್ಯಾಸ್ಟಿಫ್ ಇಟ್ಟಿದ್ದರು. ತಾಯಿಯೊಬ್ಬರು ಮಗನಿಗೆ ಪ್ರಾಣಿಗಳ ಕೂಗು ಕೇಳಿಸಲು ಕರೆದುಕೊಂಡು ಹೋಗಿದ್ದರು. ಸಿಂಹ ಬೊಗಳಿತು. ಗುಟ್ಟು ರಟ್ಟಾಯಿತು.

ಇದರ ಉಲ್ಟಾ ಕತೆಯೂ ಇದೆ. ಚೀನಾದ್ದೇ ಯುನ್ನಾನ್ ಪ್ರಾಂತ್ಯದ ಒಂದು ಕುಟುಂಬ ಮ್ಯಾಸ್ಟಿಫ್ ಮರಿ ಎಂದು ನಂಬಿ ಒಂದು ಕಪ್ಪು ಮರಿಯನ್ನು ತಂದಿತ್ತು. ಅದು ದಿನಾ ಒಂದು ಪೆಟ್ಟಿಗೆ ಹಣ್ಣು, ಎರಡು ಬಕೆಟ್ ನೂಡಲ್ಸ್ ಖಾಲಿ ಮಾಡುತ್ತಿತ್ತು. ಎರಡು ವರ್ಷವಾದ ಮೇಲೆ ಹಿಂಗಾಲ ಮೇಲೆ ಎದ್ದು ನಡೆಯತೊಡಗಿತು. ಅದು ಕರಡಿ! 2018ರಲ್ಲಿ ಈ ಸುದ್ದಿ ಜಗತ್ತೆಲ್ಲ ಸುತ್ತಿತು.

ಟಿಬೆಟ್‌ನಲ್ಲೂ ಇದನ್ನ 'ಮ್ಯಾಸ್ಟಿಫ್' ಅಂತಾನೇ ಕರೀತಾರಾ?

ಇಲ್ಲ. ಅಲ್ಲಿ ಇದು 'ದೋ-ಖಿ'. 'ಖಿ' ಅಂದರೆ ನಾಯಿ. ಮೊದಲ ಭಾಗವಾದ 'ದೋ'ಗೆ ಎರಡು ಅರ್ಥ ಹೇಳುತ್ತಾರೆ. ಒಂದು 'ಕಟ್ಟಿಹಾಕುವ ನಾಯಿ', ಇನ್ನೊಂದು 'ಅಲೆಮಾರಿಗಳ ನಾಯಿ'. ಎರಡೂ ಅದರ ಬದುಕಿಗೆ ಒಪ್ಪುತ್ತವೆ. ನೇಪಾಳದಲ್ಲಿ 'ಭೋಟೆ ಕುಕುರ್', ಚೀನಾದಲ್ಲಿ 'ಜಾಂಗ್ ಆವೊ'.

ಮ್ಯಾಸ್ಟಿಫ್ ಎಂಬ ಹೆಸರು ಇಂಗ್ಲಿಷರು ಅಂಟಿಸಿದ್ದು. 1847ರಲ್ಲಿ ಗವರ್ನರ್ ಜನರಲ್ ಆಗಿದ್ದ ಹಾರ್ಡಿಂಜ್ ಇಂಥ ಒಂದು ನಾಯಿಯನ್ನು ವಿಕ್ಟೋರಿಯಾ ರಾಣಿಗೆ ಕಳಿಸಿಕೊಟ್ಟ. 1873ರಲ್ಲಿ ಇಂಗ್ಲೆಂಡಿನಲ್ಲಿ ನಾಯಿ ತಳಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಶುರುವಾಗಿ, 'ಟಿಬೆಟ್‌ನ ದೊಡ್ಡ ನಾಯಿ' ಎಂದು ಕರೆಸಿಕೊಳ್ಳುತ್ತಿದ್ದದ್ದು 'ಟಿಬೆಟನ್ ಮ್ಯಾಸ್ಟಿಫ್' ಆಯಿತು. ದೊಡ್ಡ ನಾಯಿ ಕಂಡರೆಲ್ಲ ಮ್ಯಾಸ್ಟಿಫ್ ಎನ್ನುವುದು ಅವರ ರೂಢಿ.

ಎಷ್ಟು ಎತ್ತರ, ಎಷ್ಟು ತೂಕ? 100 ಕೆಜಿ ಅಂತಾರಲ್ಲ?

ಅಂತರರಾಷ್ಟ್ರೀಯ ಮಾನದಂಡದಲ್ಲಿ ಗಂಡು ಭುಜದ ಬಳಿ ಕನಿಷ್ಠ 66 ಸೆಂಟಿಮೀಟರ್, ಹೆಣ್ಣು ಕನಿಷ್ಠ 61. ಗಂಡಿನ ತೂಕ ಸುಮಾರು 40ರಿಂದ 68 ಕೆಜಿ, ಹೆಣ್ಣಿನದು 32ರಿಂದ 54. ಬೆಟ್ಟದಲ್ಲಿ ನಿಜವಾಗಿ ಕೆಲಸ ಮಾಡುವ ನಾಯಿಗಳು ಫೋಟೊದಲ್ಲಿ ಕಾಣುವಷ್ಟು ಭಾರಿ ಇರುವುದಿಲ್ಲ. ಅವು ಗಟ್ಟಿಮುಟ್ಟು, ಚುರುಕು. ಜೋತುಬಿದ್ದ ಮುಖ, ನೆರಿಗೆಗಟ್ಟಿದ ಚರ್ಮ, ಕಾಲು ಎಳೆಯುತ್ತಾ ನಡೆಯುವ ಗಾತ್ರ ಎಲ್ಲಾ ಮಾರುಕಟ್ಟೆ ಮಾಡಿದ್ದು. ತೋಳ ಬಂದರೆ ಅಂಥ ನಾಯಿ ಎದ್ದು ನಿಲ್ಲುವಷ್ಟರಲ್ಲಿ ಕುರಿ ಹೋಗಿರುತ್ತದೆ.

ಬಣ್ಣ ಕಪ್ಪು, ಬೂದುನೀಲಿ, ಹೊಂಬಣ್ಣ. ಕಪ್ಪು ನಾಯಿಗಳಲ್ಲಿ ಹಲವಕ್ಕೆ ಹುಬ್ಬಿನ ಜಾಗದಲ್ಲಿ ಕಂದು ಚುಕ್ಕೆ ಎರಡಿರುತ್ತವೆ. ಹಿಮಾಲಯದ ಜನ ಇಂಥದ್ದನ್ನು ನಾಲ್ಕು ಕಣ್ಣಿನ ನಾಯಿ ಅನ್ನುತ್ತಾರೆ. ಕೆಳಗಿನ ಎರಡು ಮುಚ್ಚಿದರೂ ಮೇಲಿನ ಎರಡು ತೆರೆದಿರುತ್ತವಂತೆ. ಋಗ್ವೇದದಲ್ಲಿ ಯಮನ ದಾರಿ ಕಾಯುವ ನಾಯಿಗಳಿಗೂ ನಾಲ್ಕು ಕಣ್ಣು. ಕಾವಲು ನಾಯಿಯ ಮುಖ ನೋಡಿದವರಿಗೆ ಎಲ್ಲ ಕಡೆಯೂ ಅದೇ ಹೊಳೆದಿದೆ, ಅಲ್ವಾ?

ಅಲ್ಲಿ ಇದರ ಕೆಲಸ ಏನು? ಕುರಿ ಕಾಯೋದಾ?

ಕುರಿಯನ್ನು ಅಟ್ಟಿಕೊಂಡು ಹೋಗುವುದು ಇದರ ಕೆಲಸವಲ್ಲ. ಇದು ಕಾವಲುಗಾರ. ಈ ವ್ಯತ್ಯಾಸ ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆ.

ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,000 ಮೀಟರ್ ದಾಟುತ್ತದೆ. ಅಲ್ಲಿ ಯಾಕ್, ಕುರಿ, ಮೇಕೆ ಮೇಯಿಸುವ ಅಲೆಮಾರಿಗಳನ್ನು ದ್ರೋಕ್‌ಪಾ ಅನ್ನುತ್ತಾರೆ. ಯಾಕ್ ಕೂದಲು ನೇಯ್ದು ಮಾಡಿದ ಕಪ್ಪು ಗುಡಾರದಲ್ಲಿ ವಾಸ. ಒಂದು ಗುಡಾರಕ್ಕೂ ಇನ್ನೊಂದಕ್ಕೂ ಎಷ್ಟೋ ದೂರ. ಗಂಡಸರು ಹಿಂಡಿನ ಜೊತೆ ಹೋದರೆ ಗುಡಾರದಲ್ಲಿ ಉಳಿಯುವವರು ಹೆಂಗಸರು, ಮಕ್ಕಳು, ಮುದುಕರು. ಅವರ ಜೊತೆಗೆ ಈ ನಾಯಿ. ಹಗಲು ಗುಡಾರದ ಬಳಿ ಗೂಟಕ್ಕೆ ಕಟ್ಟಿರುತ್ತಾರೆ. ಸಂಜೆ ಹಿಂಡು ವಾಪಸು ಬಂದು ಕತ್ತಲಾದ ಮೇಲೆ ಬಿಚ್ಚುತ್ತಾರೆ. ರಾತ್ರಿಯೆಲ್ಲಾ ಅದು ಗುಡಾರ ಮತ್ತು ಹಿಂಡಿನ ಸುತ್ತ ತಿರುಗುತ್ತಾ, ತಗ್ಗಿದ ದನಿಯಲ್ಲಿ ಬೊಗಳುತ್ತಾ ಇರುತ್ತದೆ. ಆ ದನಿ ತೋಳಕ್ಕೂ ಹಿಮಚಿರತೆಗೂ ಕಳ್ಳನಿಗೂ ಒಂದೇ ಮಾತು ಹೇಳುತ್ತದೆ: ನಾನು ಎದ್ದಿದ್ದೇನೆ.

ಗುಡಾರಕ್ಕೆ ಬರುವ ನೆಂಟರು ದೂರದಲ್ಲೇ ನಿಂತು 'ನಾಯಿ ಹಿಡ್ಕೊಳ್ಳಿ' ಎಂದು ಕೂಗುವುದು ಅಲ್ಲಿನ ರೀತಿ. ನಮ್ಮ ಹಳ್ಳಿಗಳಲ್ಲೂ ಗೇಟಿನ ಹೊರಗೆ ನಿಂತು 'ನಾಯಿ ಇದೆಯಾ?' ಅಂತ ಕೇಳುತ್ತೇವಲ್ಲ, ಹಾಗೆ. ಕೊರಳಿಗೆ ಕೆಂಪು ಬಣ್ಣ ಹಾಕಿದ ಯಾಕ್ ಕೂದಲಿನ ದಪ್ಪ ಪಟ್ಟಿ ಕಟ್ಟುತ್ತಾರೆ. ನೋಡಲು ಚೆಂದ. ತೋಳ ಕುತ್ತಿಗೆಗೆ ಬಾಯಿ ಹಾಕಿದರೆ ಅಡ್ಡವೂ ಆಗುತ್ತದೆ.

ಊರುಗಳಲ್ಲಿ, ಮಠಗಳಲ್ಲಿ ಇದಕ್ಕೊಬ್ಬ ಜೊತೆಗಾರ. ಬಾಗಿಲೊಳಗೆ ಲಾಸಾ ಆಪ್ಸೊ ಎಂಬ ಪುಟ್ಟ ತಳಿಯ ನಾಯಿ, ಹೊರಗೆ ದೋ-ಖಿ. ಪುಟ್ಟದ್ದರ ಕಿವಿ ಚುರುಕು, ಅದು ಕೂಗಿ ಎಬ್ಬಿಸುತ್ತದೆ. ಉಳಿದದ್ದನ್ನು ದೊಡ್ಡದು ನೋಡಿಕೊಳ್ಳುತ್ತದೆ.

ಅಷ್ಟು ಎತ್ತರದಲ್ಲಿ ಇದಕ್ಕೆ ಉಸಿರು ಕಟ್ಟಲ್ವಾ?

ನಮಗೆ ಲೇಹ್‌ನಲ್ಲಿ ವಿಮಾನ ಇಳಿದರೇ ತಲೆ ಸಿಡಿಯುತ್ತದೆ. ಈ ನಾಯಿಗೆ ಏನೂ ಆಗುವುದಿಲ್ಲ. ಆಮ್ಲಜನಕ ಕಡಿಮೆ ಇರುವಲ್ಲಿ ದೇಹ ಹೇಗೆ ನಡೆದುಕೊಳ್ಳಬೇಕು ಎಂದು ನಿರ್ಧರಿಸುವ ಇಪಿಎಎಸ್1 ಎಂಬ ಜೀನ್‌ನ ವಿಶೇಷ ರೂಪ ಇದರಲ್ಲಿದೆ. ಅದು ಬಂದದ್ದು ಟಿಬೆಟ್‌ನ ಬೂದು ತೋಳದಿಂದ ಎಂದು 2017ರ ಸಂಶೋಧನೆ ತೋರಿಸಿತು. ತಗ್ಗಿನಿಂದ ಮೇಲೆ ಹೋದ ನಾಯಿಗಳು ಯಾವಾಗಲೋ ಅಲ್ಲಿನ ತೋಳಗಳ ಜೊತೆ ಕೂಡಿವೆ, ಮರಿಗಳಿಗೆ ಆ ಗುಣ ಉಳಿದಿದೆ.

ಇನ್ನೂ ಮಜಾ ಇದೆ. ಟಿಬೆಟ್‌ನ ಮನುಷ್ಯರಲ್ಲೂ ಇದೇ ಜೀನ್ ಬೇರೆ ಥರ ಇದೆ. ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವ ಗುಂಪಿನಿಂದ ಬಂದದ್ದು ಎಂದು 2014ರಲ್ಲಿ ಗೊತ್ತಾಯಿತು. ಬೆಟ್ಟ ಹತ್ತಿದ ಮನುಷ್ಯನೂ ಅವನ ನಾಯಿಯೂ ಒಂದೇ ಉಪಾಯ ಮಾಡಿವೆ: ಮೊದಲೇ ಅಲ್ಲಿದ್ದವರ ಹತ್ತಿರ ಸಾಲ ತಂದಿವೆ.

## ಸ್ವಭಾವ

ಮನೇಲಿ ಚಿಕ್ಕ ಮಕ್ಕಳಿದ್ದಾರೆ. ಕಚ್ಚುತ್ತಾ?

ತನ್ನ ಮನೆಯ ಮಕ್ಕಳ ಜೊತೆ ಸಾಮಾನ್ಯವಾಗಿ ತುಂಬಾ ತಾಳ್ಮೆ. ತೊಂದರೆ ಬರುವುದು ಪಕ್ಕದ ಮನೆಯ ಮಕ್ಕಳು ಆಡಲು ಬಂದಾಗ. ಮಕ್ಕಳು ಕಿರುಚಿಕೊಂಡು ಓಡುತ್ತಾರೆ, ಒಬ್ಬರನ್ನೊಬ್ಬರು ತಳ್ಳುತ್ತಾರೆ. ನಾಯಿಗೆ ಅದು ಆಟ ಅಂತ ಹೇಗೆ ಗೊತ್ತಾಗಬೇಕು? 'ನಮ್ಮ ಹುಡುಗನನ್ನು ಹೊಡೀತಿದ್ದಾರೆ' ಅಂತ ಅದಕ್ಕೆ ಅನ್ನಿಸಿದರೆ 50 ಕೆಜಿಯ ದೇಹ ಮಧ್ಯೆ ನುಗ್ಗುತ್ತದೆ. ಕಚ್ಚದಿದ್ದರೂ ಮಗು ಬೀಳುತ್ತದೆ. ದೊಡ್ಡವರೊಬ್ಬರು ಎದುರಿಗಿಲ್ಲದೆ ಬಿಡಲೇಬಾರದು.

ಹೊಸಬರನ್ನು ಇದು ಬಾಲ ಅಲ್ಲಾಡಿಸಿ ಸ್ವಾಗತಿಸುವ ನಾಯಿಯಲ್ಲ. ನೀವು ಪರಿಚಯ ಮಾಡಿಸಿದರೆ ಒಪ್ಪಿಕೊಂಡು ದೂರ ಹೋಗಿ ಕೂರುತ್ತದೆ. ಅಷ್ಟೇ ಅದರ ಉಪಚಾರ.

ನಮ್ಮ ಲ್ಯಾಬ್ರಡಾರ್ ಥರ ಹೇಳಿದ ಮಾತು ಕೇಳುತ್ತಾ?

ಕೇಳುತ್ತದೆ, ಮಾಡುವುದಿಲ್ಲ. ದಡ್ಡತನ ಅಲ್ಲ ಇದು. ಲ್ಯಾಬ್ರಡಾರ್ ಬೇಟೆಗಾರನ ಪಕ್ಕದಲ್ಲಿ ಕೂತು ಅವನ ಕೈಸನ್ನೆಗೆ ಕಾಯುತ್ತಿದ್ದ ನಾಯಿ. ಇದು ಯಜಮಾನ ಮಲಗಿದ ಮೇಲೆ ಕತ್ತಲಲ್ಲಿ ಒಬ್ಬಂಟಿಯಾಗಿ ತೀರ್ಮಾನ ತೆಗೆದುಕೊಳ್ಳುತ್ತಿದ್ದ ನಾಯಿ. ತೋಳ ಬಂದಾಗ ಅಪ್ಪಣೆ ಕೇಳಲು ಗುಡಾರದೊಳಗೆ ಬರುವ ನಾಯಿ ಯಾರಿಗೆ ಬೇಕು?

ಆದ್ದರಿಂದ 'ಕೂತ್ಕೋ' ಅಂದರೆ ಮೊದಲ ಸಲ ಕೂರುತ್ತದೆ. ಎರಡನೇ ಸಲ ನಿಮ್ಮ ಮುಖ ನೋಡುತ್ತದೆ. ಮೂರನೇ ಸಲ ಎದ್ದು ಹೋಗುತ್ತದೆ. ಹೊಡೆದು ಬಡಿದು ಕಲಿಸಲು ಹೋದರೆ ನಂಬಿಕೆ ಮುರಿಯುತ್ತದೆ, ಇಷ್ಟು ದೊಡ್ಡ ನಾಯಿಯ ನಂಬಿಕೆ ಮುರಿದರೆ ಆಮೇಲೆ ನಿಮಗೇ ಕಷ್ಟ. ದಿನಕ್ಕೆ ಎರಡು ಮೂರು ಬಾರಿ ಐದೈದು ನಿಮಿಷ, ತಿಂಡಿ ಆಸೆ ತೋರಿಸಿ ಕಲಿಸಿ. ಪೂರ್ತಿ ಬುದ್ಧಿ ಬಲಿಯಲು ಹೆಣ್ಣಿಗೆ ಎರಡು ಮೂರು ವರ್ಷ, ಗಂಡಿಗೆ ನಾಲ್ಕರವರೆಗೂ ಬೇಕು. ಬಯಲಲ್ಲಿ ಹಗ್ಗ ಬಿಚ್ಚಿ ಬಿಡುವ ಆಸೆ ಇಟ್ಟುಕೊಳ್ಳಬೇಡಿ. ಕರೆದಾಗ ಬರುವುದು ಇದರ ಜಾಯಮಾನದಲ್ಲೇ ಇಲ್ಲ.

ರಾತ್ರಿಯಿಡೀ ಬೊಗಳಿ ಪಕ್ಕದ ಮನೆಯವರು ಜಗಳಕ್ಕೆ ಬರ್ತಿದ್ದಾರೆ. ಬಿಡಿಸೋದು ಹೇಗೆ?

ಪೂರ್ತಿ ಬಿಡಿಸಲು ಆಗುವುದಿಲ್ಲ. ಹಗಲು ನಿದ್ದೆ, ರಾತ್ರಿ ಪಾಳಿ ಎಂಬುದು ತಲೆಮಾರುಗಳಿಂದ ಬಂದ ದುಡಿಮೆ. ಎಲ್ಲೋ ಆಟೋ ನಿಂತರೂ ಅದಕ್ಕೆ ಸುದ್ದಿ. ಕಡಿಮೆ ಮಾಡಬಹುದು: ಕತ್ತಲಾದ ಮೇಲೆ ಮನೆಯೊಳಗೆ ಮಲಗಿಸಿ, ರಸ್ತೆ ಕಾಣುವ ಗೇಟಿನಿಂದ ದೂರ ಇಡಿ, ಸಂಜೆ ಒಂದು ಉದ್ದದ ನಡಿಗೆ ಮಾಡಿಸಿ. ಒಂದು ಸಲ ಎದ್ದು ಹೋಗಿ ನೋಡಿ 'ಸರಿ, ಸಾಕು' ಅಂದರೆ ಕೆಲವು ಸುಮ್ನಾಗುತ್ತವೆ. ಕಾವಲುಗಾರನ ವರದಿ ಯಾರೋ ಕೇಳಿಸಿಕೊಂಡರು ಅನ್ನಿಸಿದರೆ ಅದಕ್ಕೂ ಸಮಾಧಾನ.

## ಆರೈಕೆ

ಎಸಿ ಹಾಕಿಸಿದ್ರೆ ಬೆಂಗಳೂರಲ್ಲಿ ಸಾಕಬಹುದಲ್ವಾ?

ಬದುಕಿಸಬಹುದು. ಸಾಕುವುದು ಬೇರೆ. ಎಸಿ ರೂಮಿನಲ್ಲಿ ದಿನ ಕಳೆಯುವ ಕಾವಲು ನಾಯಿ ಅಂದರೆ ಅದು ಸೋಫಾ ಕಾಯುವ ನಾಯಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕರ್ನಾಟಕದ ಬಯಲುಸೀಮೆಗೂ ಕರಾವಳಿಗೂ ಈ ನಾಯಿ ಬೇಡ.

ನಾಯಿಗೆ ನಮ್ಮ ಹಾಗೆ ಮೈತುಂಬಾ ಬೆವರು ಬರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು ಬಾಯಿಯ ತೇವ ಆರಿಸಿಕೊಂಡೇ ಮೈ ತಣ್ಣಗಾಗಬೇಕು. ಮಂಗಳೂರಿನ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ, ಆರುವುದೆಲ್ಲಿ? ಕಲಬುರಗಿಯ 42 ಡಿಗ್ರಿಯ ಮಾತು ಬಿಡಿ. ಬೆಂಗಳೂರಿನಲ್ಲೂ ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ ಬಿಸಿಲು ಏರುವ ಮೊದಲು, ರಾತ್ರಿ ನೆಲ ತಣ್ಣಗಾದ ಮೇಲೆ ಮಾತ್ರ ಹೊರಗೆ ಕರೆದೊಯ್ಯಬೇಕು. ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂಬುದನ್ನೂ ಯೋಚಿಸಿಟ್ಟಿರಬೇಕು.

ಜೊಲ್ಲು ಅಂಟಂಟಾಗಿ, ಒಸಡು ಕಡುಕೆಂಪಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸುತ್ತಾ ತಕ್ಷಣ ಪಶುವೈದ್ಯರ ಬಳಿ ಓಡಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಬೇಸಿಗೆಯಲ್ಲಿ ಕೂದಲು ಪೂರಾ ಬೋಳಿಸಿಬಿಡೋಣ ಅಂತ ಇದ್ದೀವಿ.

ಬೇಡ. ಒಳಗೆ ಹತ್ತಿಯಂಥ ಮೆತ್ತನೆ ಪದರ, ಮೇಲೆ ಒರಟು ಉದ್ದ ಕೂದಲು. ಮೇಲಿನದು ಬಿಸಿಲನ್ನು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮೊದಲಿನಂತೆ ಬೆಳೆಯದೆಯೂ ಹೋಗಬಹುದು. ಒಳಪದರವನ್ನು ಬಾಚಿ ತೆಗೆಯುವುದೇ ಸರಿಯಾದ ದಾರಿ. ವರ್ಷಕ್ಕೊಮ್ಮೆ, ಚಳಿ ಮುಗಿದ ಮೇಲೆ, ಕೆಲವು ವಾರ ಈ ಒಳಪದರ ಗುಡ್ಡೆಗಟ್ಟಲೆ ಉದುರುತ್ತದೆ. ಆಗ ದಿನಾ ಬಾಚಿ. ಉಳಿದ ದಿನ ವಾರಕ್ಕೊಂದೆರಡು ಸಲ ಸಾಕು. ನಮ್ಮ ಕಡೆ ಬಾಚುವಾಗಲೇ ರಕ್ತ ಹೀರುವ ಉಣ್ಣೆ ಹುಳ ಹುಡುಕಬೇಕು. ಇಷ್ಟು ದಟ್ಟ ಕೂದಲಲ್ಲಿ ಅವು ಆರಾಮಾಗಿ ಅಡಗಿರುತ್ತವೆ. ಉಣ್ಣೆ ಜ್ವರ ನಮ್ಮಲ್ಲಿ ಮಾಮೂಲು.

ದಿನಕ್ಕೆ ಎಷ್ಟು ಕೆಜಿ ಮಾಂಸ ಹಾಕಬೇಕು? ರಾಗಿ ಮುದ್ದೆ ಆಗುತ್ತಾ?

ಗಾತ್ರ ನೋಡಿ ಹೆದರಬೇಡಿ. ಬೆಳೆದ ಮೇಲೆ ಇದು ಗಾತ್ರಕ್ಕೆ ಹೋಲಿಸಿದರೆ ಮಿತವಾಗಿ ತಿನ್ನುವ ನಾಯಿ. ಬೆದೆಗಾಲದಲ್ಲಿ ಗಂಡುಗಳು ಒಂದೆರಡು ಹೊತ್ತು ಬಟ್ಟಲು ಮೂಸಿ ಹೋಗಿಬಿಡುತ್ತವೆ. ಟಿಬೆಟ್‌ನಲ್ಲಿ ಇದರ ಊಟ ಎಂದರೆ ತ್ಸಂಪಾ, ಮಜ್ಜಿಗೆಯ ತಿಳಿ, ಉಳಿದ ಮೂಳೆ ಮಾಂಸ. ತ್ಸಂಪಾ ಅಂದರೆ ಬಾರ್ಲಿ ಹುರಿದು ಬೀಸಿದ ಹಿಟ್ಟು, ನಮ್ಮ ರಾಗಿ ಹುರಿಹಿಟ್ಟಿನ ಅಣ್ಣ.

ಹಾಗಂತ ಮುದ್ದೆಯೊಂದರಲ್ಲೇ ಬೆಳೆಸಲು ಹೋಗಬೇಡಿ. ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನ್ ಬೇಕು, ಆದರೆ ಕ್ಯಾಲ್ಸಿಯಂ ಅತಿಯಾಗಬಾರದು. 'ದೊಡ್ಡ ಮೂಳೆ ಬರಲಿ' ಅಂತ ಕ್ಯಾಲ್ಸಿಯಂ ಸಿರಪ್ ಸುರಿಯುವುದು ನಮ್ಮಲ್ಲಿ ಒಂದು ಚಟ. ದೊಡ್ಡ ತಳಿಯ ಮರಿಗಳಲ್ಲಿ ಅದು ಕೀಲು, ಮೂಳೆ ವಕ್ರವಾಗಲು ದಾರಿ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ಕೊಟ್ಟು ನಿಧಾನವಾಗಿ ಬೆಳೆಯಲು ಬಿಡಿ. ಬೆಳೆದ ನಾಯಿಗೂ ಒಂದೇ ಸಲ ಬಕೆಟ್ ತುಂಬಾ ಹಾಕದೆ ಎರಡು ಹೊತ್ತು ಹಂಚಿ.

ಮರಿ ಗಟ್ಟಿಯಾಗಲಿ ಅಂತ ಬೈಕ್ ಹಿಂದೆ ಓಡಿಸಬಹುದಾ?

ದಯವಿಟ್ಟು ಬೇಡ. ಕೀಲು ಕೂಡದ ಮರಿಯನ್ನು ಓಡಿಸುವುದು, ಮೆಟ್ಟಿಲು ಹತ್ತಿಳಿಸುವುದು ಎರಡೂ ತಪ್ಪು. ಬೆಳೆದ ಮೇಲೂ ಇದು ಓಟಗಾರನಲ್ಲ. ದಿನಕ್ಕೊಂದು ಗಂಟೆ ನಡಿಗೆ, ಸುತ್ತು ಹೊಡೆಯಲು ದೊಡ್ಡ ಅಂಗಳ, ಅದಕ್ಕೆ ಆರಡಿ ಬೇಲಿ. ಬೇಲಿಯ ಬುಡವನ್ನೂ ಭದ್ರ ಮಾಡಿ. ಅಗೆಯುವುದರಲ್ಲಿ ಇದು ಹೆಗ್ಗಣದ ಹಾಗೆ.

ಯಾವ್ಯಾವ ಕಾಯಿಲೆ ಬರುತ್ತೆ?

ಸೊಂಟದ ಮತ್ತು ಮೊಣಕೈ ಕೀಲಿನ ದೋಷ, ಥೈರಾಯ್ಡ್ ಕೊರತೆ, ರೆಪ್ಪೆ ಒಳಕ್ಕೆ ಮಡಚಿ ಕಣ್ಣು ಉಜ್ಜುವುದು. ಇವು ಸಾಮಾನ್ಯ. 1980ರ ದಶಕದ ಶುರುವಿನಲ್ಲಿ ಈ ತಳಿಯ ಮರಿಗಳಲ್ಲಿ ನರಗಳ ಹೊದಿಕೆ ಹಾಳಾಗುವ ಒಂದು ವಂಶವಾಹಿ ರೋಗವೂ ಪತ್ತೆಯಾಯಿತು. ಎರಡು ತಿಂಗಳ ಮರಿಯ ಹಿಂಗಾಲು ಸೋಲತೊಡಗುತ್ತದೆ. ತಂದೆತಾಯಿ ಎರಡರಲ್ಲೂ ದೋಷ ಅಡಗಿದ್ದರೆ ಮಾತ್ರ ಮರಿಗೆ ಬರುವುದರಿಂದ ವಂಶ ನೋಡಿ ಕೂಡಿಸುವುದೇ ಉಪಾಯ.

ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಹೊಟ್ಟೆ ಡೋಲಿನ ಹಾಗೆ ಉಬ್ಬಿ, ವಾಂತಿಗೆ ಒತ್ತಿದರೂ ಏನೂ ಬಾರದೆ ನಾಯಿ ಚಡಪಡಿಸುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಅಂತ ಕಾದರೆ ನಾಯಿ ಉಳಿಯುವುದಿಲ್ಲ. ಎಲ್ಲ ಸರಿಯಿದ್ದರೆ ಆಯಸ್ಸು 10ರಿಂದ 12 ವರ್ಷ.

## ಬೆಲೆ, ಮೋಸ, ಕಾನೂನು

ಒಂದು ನಾಯಿಗೆ 12 ಕೋಟಿ ರೂಪಾಯಿ ಅಂತ ಓದಿದೆ. ನಿಜಾನಾ?

ಸುದ್ದಿ ನಿಜ. 2014ರಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೇಳದಲ್ಲಿ ಹೊಂಬಣ್ಣದ ಮರಿಯೊಂದನ್ನು ರಿಯಲ್ ಎಸ್ಟೇಟ್ ಉದ್ಯಮಿಯೊಬ್ಬ 1.2 ಕೋಟಿ ಯುವಾನ್‌ಗೆ ಕೊಂಡ ಎಂದು ಪತ್ರಿಕೆಗಳು ಬರೆದವು. ಅಂದಿನ ಲೆಕ್ಕಕ್ಕೆ ಸುಮಾರು 12 ಕೋಟಿ ರೂಪಾಯಿ. 2011ರಲ್ಲಿ 'ಹಾಂಗ್ ದಾಂಗ್' ಎಂಬ ಕೆಂಪು ನಾಯಿ ಒಂದು ಕೋಟಿ ಯುವಾನ್‌ಗೆ ಕಲ್ಲಿದ್ದಲು ಧಣಿಯೊಬ್ಬನ ಪಾಲಾಗಿತ್ತು. 2009ರಲ್ಲಿ ಶಿಯಾನ್ ನಗರದ ಮಹಿಳೆಯೊಬ್ಬರು 40 ಲಕ್ಷ ಯುವಾನ್‌ಗೆ ಕೊಂಡ ನಾಯಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಕಾರುಗಳ ಸಾಲನ್ನೇ ಕಳಿಸಿದ್ದರು.

ಮಾರಾಟ ನಿಜವೇ ಎಂಬುದು ಬೇರೆ ಮಾತು. ತಳಿಗಾರರು ತಮ್ಮತಮ್ಮಲ್ಲೇ ಕೊಂಡಂತೆ ಮಾಡಿ ಬೆಲೆ ಏರಿಸುತ್ತಿದ್ದಾರೆಂದು ಆ ಧಂದೆಯವರೇ ಹೇಳಿದ್ದುಂಟು. ಕೋಟಿಯ ಸುದ್ದಿ ಬಂದರೆ ಅದೇ ವಂಶದ ಮರಿ ಲಕ್ಷಕ್ಕೆ ಹೋಗುತ್ತದೆ. ನಮ್ಮಲ್ಲೂ ಆಗಾಗ ಕೋಟಿ ಬೆಲೆಯ ನಾಯಿಯ ಮೆರವಣಿಗೆ ನಡೆಯುತ್ತದಲ್ಲ, ಅದನ್ನು ನೋಡುವಾಗಲೂ ಇದು ನೆನಪಿರಲಿ.

ಆಮೇಲೆ ಆ ನಾಯಿಗಳೆಲ್ಲಾ ಏನಾದವು?

ಫ್ಯಾಷನ್ ಮುಗಿಯಿತು. ನಗರಗಳಲ್ಲಿ ದೊಡ್ಡ ನಾಯಿಗೆ ನಿರ್ಬಂಧ ಬಂತು, ಶ್ರೀಮಂತರಿಗೆ ಬೇಸರವೂ ಬಂತು. 2015ರ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಮಾಂಸಕ್ಕೆ, ಚರ್ಮಕ್ಕೆ ಸಾಗಿಸುತ್ತಿದ್ದ ಲಾರಿಗಳಿಂದ ಪ್ರಾಣಿಪ್ರಿಯರು ಇಂಥ ನಾಯಿಗಳನ್ನು ಇಳಿಸಿಕೊಂಡರು. ಪ್ರಸ್ಥಭೂಮಿಯಲ್ಲಿ ಮುಚ್ಚಿದ ಫಾರ್ಮುಗಳವರು ಸುಮ್ನೆ ಬಿಟ್ಟುಬಿಟ್ಟರು. ಟಿಬೆಟ್ ಪಕ್ಕದ ಚಿಂಗ್‌ಹಾಯ್ ಪ್ರಾಂತ್ಯದಲ್ಲಿ ಮತ್ತು ಟಿಬೆಟ್‌ನಲ್ಲಿ ಈಗ ಬೀಡಾಡಿ ನಾಯಿಗಳ ಹಿಂಡುಗಳಿವೆ. ಯಾವ ಹಿಂಡನ್ನು ಕಾಯಲು ಹುಟ್ಟಿದ್ದವೋ ಅದರ ಮೇಲೇ ಬೀಳುತ್ತವೆ, ಹಿಮಚಿರತೆಯ ಬೇಟೆಗೂ ಕೈ ಹಾಕುತ್ತವೆ. ನಾಯಿಯಿಂದ ಮನುಷ್ಯನಿಗೆ ಹರಡಿ ಯಕೃತ್ತಿನಲ್ಲಿ ಗಡ್ಡೆ ಕಟ್ಟಿಸುವ ಲಾಡಿಹುಳದ ರೋಗ ಅಲ್ಲಿ ಮೊದಲೇ ದೊಡ್ಡ ಪಿಡುಗು. ಬೀದಿನಾಯಿ ಹೆಚ್ಚಿದರೆ ಅದನ್ನು ತಡೆಯುವುದು ಇನ್ನೂ ಕಷ್ಟ.

ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರೇ ಇದ್ದಾರಲ್ಲ, ಅಲ್ಲಿ ಒಳ್ಳೆ ಮರಿ ಸಿಗಲ್ವಾ?

1961ರಲ್ಲಿ ಬೈಲಕುಪ್ಪೆಗೆ, 1966ರಲ್ಲಿ ಮುಂಡಗೋಡಿಗೆ ಬಂದವರು ಮನೆಮಠ ಬಿಟ್ಟು ಜೀವ ಉಳಿಸಿಕೊಂಡು ಬಂದವರು. ಕಾಡು ಕಡಿದು ಮೆಕ್ಕೆಜೋಳ ಬಿತ್ತಿ ಬದುಕು ಕಟ್ಟಿದರು. ಅಲ್ಲಿ ಯಾಕ್ ಹಿಂಡೂ ಇಲ್ಲ, ತೋಳದ ಕಾಟವೂ ಇಲ್ಲ, ಈ ನಾಯಿಗೆ ಕೆಲಸವೂ ಇಲ್ಲ. 'ಬೈಲಕುಪ್ಪೆ ಮರಿ' ಅನ್ನುವ ಮಾತಿಗೆ ಮರುಳಾಗಬೇಡಿ. ನಿಜವಾದದ್ದನ್ನು ನೋಡುವ ಆಸೆಯಿದ್ದರೆ ನೇಪಾಳದ ಉತ್ತರದ ಕಣಿವೆಗಳಿಗೆ ಹೋಗಿ, ದೂರದಿಂದಲೇ ನೋಡಿ.

ನಮಗೆ ಮಾರುತ್ತಿರೋ ಮರಿ ಅಸಲೀನಾ ಅಂತ ಹೇಗೆ ತಿಳಿಯೋದು?

ಮೊದಲು ಹುಟ್ಟಿದ ತಿಂಗಳು ಕೇಳಿ. ಬಹುಪಾಲು ನಾಯಿಗಳು ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತವೆ. ಟಿಬೆಟನ್ ಮ್ಯಾಸ್ಟಿಫ್ ಹೆಣ್ಣು ಸಾಮಾನ್ಯವಾಗಿ ಒಂದೇ ಸಲ, ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ. ಹಾಗಾಗಿ ಹೆಚ್ಚಿನ ಮರಿಗಳು ಡಿಸೆಂಬರ್, ಜನವರಿ ಸುತ್ತ ಹುಟ್ಟುತ್ತವೆ. ತೋಳದ ಕುಲದಲ್ಲೂ ವರ್ಷಕ್ಕೊಂದೇ ಸಲ. ವರ್ಷವಿಡೀ 'ಹೊಸ ಮರಿ ಬಂದಿದೆ' ಅನ್ನುವವನ ಹತ್ತಿರ ಇರುವುದು ಬೇರೇನೋ.

ಆಮೇಲೆ ತಾಯಿಯನ್ನು ತೋರಿಸಿ ಅನ್ನಿ. ತಾಯಿಯ ಸೊಂಟದ ಎಕ್ಸ್‌ರೇ ಕೇಳಿ. 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ತಳಿಗಾರನಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಈ ಮೂರು ಕೇಳಿದರೆ ಅರ್ಧ ಮಂದಿ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ.

ಇದನ್ನ ಸರ್ಕಾರ ಬ್ಯಾನ್ ಮಾಡಿದೆಯಂತೆ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಕಳಿಸಿತ್ತು. ಅದರಲ್ಲಿ 'ಮ್ಯಾಸ್ಟಿಫ್' ಎಂಬ ಪದ ಇದ್ದದ್ದಕ್ಕೆ ಈ ಗಲಿಬಿಲಿ. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಎಂದು ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ನಿಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ ಹೊಣೆ ನಿಮ್ಮದೇ. ಹೊರಗೆ ಹೋಗುವಾಗ ಗಟ್ಟಿ ಹಗ್ಗ ಕಡ್ಡಾಯ, ಮೂತಿಗೆ ಜಾಲರಿ ಇದ್ದರೆ ಒಳ್ಳೆಯದು. ಪಾಲಿಕೆಯ ಲೈಸೆನ್ಸ್, ರೇಬೀಸ್ ಲಸಿಕೆಯ ಚೀಟಿ ಇಟ್ಟುಕೊಂಡಿರಿ.

ಈಗಾಗಲೇ ತಂದುಬಿಟ್ಟಿದ್ದೀವಿ. ಒಂದೂವರೆ ವರ್ಷ. ಹತೋಟಿಗೆ ಸಿಗ್ತಿಲ್ಲ. ಏನ್ ಮಾಡೋದು?

ಮೊದಲು, ಬೀದಿಗೆ ಬಿಡಬೇಡಿ. ಆಮೇಲೆ ಥೈರಾಯ್ಡ್ ಪರೀಕ್ಷೆ, ಕೀಲಿನ ಎಕ್ಸ್‌ರೇ ಮಾಡಿಸಿ. ನೋವಿರುವ ನಾಯಿ ಹತ್ತಿರ ಬಂದವರ ಮೇಲೆ ಎಗರುತ್ತದೆ, ಅದನ್ನು ಜನ ಸಿಟ್ಟು ಅಂದುಕೊಳ್ಳುತ್ತಾರೆ. ಗೇಟಿಗೆ ಎರಡನೇ ಬಾಗಿಲು ಇಡಿಸಿ, ಒಂದು ತೆರೆದಾಗ ಇನ್ನೊಂದು ಮುಚ್ಚಿರಲಿ. ಹಗಲೆಲ್ಲಾ ಸರಪಳಿಯಲ್ಲಿ ಇಟ್ಟಿದ್ದರೆ ಬಿಚ್ಚಿ, ಬೇಲಿ ಹಾಕಿದ ಜಾಗ ಕೊಡಿ. ಟಿಬೆಟ್‌ನಲ್ಲಿ ಕಟ್ಟುತ್ತಿದ್ದರು ನಿಜ, ಆದರೆ ರಾತ್ರಿಯೆಲ್ಲಾ ಅದರ ರಾಜ್ಯ ಅದಕ್ಕೇ ಸಿಗುತ್ತಿತ್ತು. ಮನೆಗೆ ಬರುವವರ ಪರಿಚಯವನ್ನು ಗೇಟಿನಲ್ಲಿ ಮಾಡಿಸದೆ ರಸ್ತೆಯಲ್ಲಿ, ನಡೆಯುತ್ತಾ, ದೂರದಿಂದ ಮಾಡಿಸಿ. ಇಷ್ಟೆಲ್ಲ ಮಾಡಿ ಆರು ತಿಂಗಳಾದರೂ ಆಗದಿದ್ದರೆ ಚಳಿ ಪ್ರದೇಶದಲ್ಲಿ ತೋಟವಿರುವ, ದೊಡ್ಡ ನಾಯಿ ಸಾಕಿ ಗೊತ್ತಿರುವ ಮನೆ ಹುಡುಕಿ. ಕೊಡುವಾಗ ಅದು ಯಾರನ್ನಾದರೂ ಕಚ್ಚಿದ್ದರೆ ಮುಚ್ಚಿಡದೆ ಹೇಳಿ.